ಅರ್ಧ ಮಿಲಿಮೀಟರು

ಬೆಳಗಿನಿಂದ ಅವಳ ನಾಲಿಗೆ ಬಲಗಡೆಯ ಒಂದು ದವಡೆಹಲ್ಲಿನ ಅಂಚನ್ನೇ ಸವರುತ್ತಿತ್ತು. ಹಲ್ಲಿಗೆ ಏನೂ ಆಗಿರಲಿಲ್ಲ. ಕೈಗನ್ನಡಿ ಹಿಡಿದು ನೋಡಿದ್ದಳು, ಚೂರೂ ಮುಕ್ಕಾಗಿರಲಿಲ್ಲ. ಆದರೂ ನಾಲಿಗೆ ತಾನಾಗಿ ಅಲ್ಲಿಗೇ ಹೋಗುತ್ತಿತ್ತು, ಎಳೆದುಕೊಂಡರೆ ಮತ್ತೆ ಹೋಗುತ್ತಿತ್ತು. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳಿಗೆ ನಾಲಿಗೆಯ ಈ ಸ್ವಭಾವ ಗೊತ್ತಿತ್ತು. ಕಣ್ಣಿಗೆ ಕಾಣದ್ದು, ಬೆರಳಿಗೆ ತಾಗದ್ದು ನಾಲಿಗೆಗೆ ಸಿಗುತ್ತದೆ. ಹೊಸ ಹಲ್ಲು ಒಂದು ಕೂದಲೆಳೆ ಎತ್ತರವಾದರೆ ಸಾಕು, ಹಾಕಿಸಿಕೊಂಡವನು ಮೂರನೆಯ ದಿನ ಕೆನ್ನೆ ಹಿಡಿದುಕೊಂಡು ಬಂದು ನಿಲ್ಲುತ್ತಾನೆ, ಬಾಯಿ ತುಂಬ ಅದೊಂದೇ ಇದೆ ಅನ್ನಿಸುತ್ತದೆ ಎನ್ನುತ್ತಾನೆ. ಅವಳ ಬಾಯಲ್ಲಿ ಎರಡು ವರ್ಷದಿಂದ ಹಾಗೆ ಕೂತಿದ್ದುದು ಗಂಡನ ಒಂದು ಮಾತು. ನುಂಗಲೂ ಆಗಿರಲಿಲ್ಲ, ಉಗುಳಲೂ ಆಗಿರಲಿಲ್ಲ.

ಶನಿವಾರ ಲ್ಯಾಬು ಅರ್ಧ ದಿನ. ಒಂದು ಗಂಟೆಗೆ ಎಲ್ಲರೂ ಹೊರಟ ಮೇಲೆ ಅವಳು ಮೇಜಿನ ಕೆಳಗಿನ ತಗಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೆದಕಿದಳು. ಮೇಲ್ದವಡೆ ಕೆಳದವಡೆಗಳ ಅಚ್ಚನ್ನು ಎದುರುಬದುರು ಕೂರಿಸಿ ಕಚ್ಚಿಸಿ ನೋಡುವ ಸಲಕರಣೆಯೊಂದಿರುತ್ತದೆ. ಅದರ ಮುಂದುಗಡೆ ನೆಟ್ಟಗೆ ನಿಲ್ಲುವ ಉಕ್ಕಿನ ಕಡ್ಡಿ ಪೆನ್ಸಿಲ್ಲಿಗಿಂತ ಸಣ್ಣದು, ಎಲ್ಲಿ ಅಳೆದರೂ ಒಂದೇ ದಪ್ಪ. ಸಲಕರಣೆ ಕೆಟ್ಟರೂ ಕಡ್ಡಿ ಕೆಡುವುದಿಲ್ಲ. ಅಂಥವು ಆರು ಸಿಕ್ಕವು. ಅವು ಬಿಗಿಯಾಗಿ ಜಾರಿ ಕೂರುವಂಥ ಹಿತ್ತಾಳೆಯ ಕೊಳವೆಯೂ ಸಿಕ್ಕಿತು. ಗುರುವಾರ ಊಟಕ್ಕೆ ಕೂತಾಗ ಗಂಡ ಫೋನಿನಿಂದ ತಲೆ ಎತ್ತದೆ ಹೇಳಿದ್ದ: "ಹಲಗೆಗಳ ಗೂಟ ಸವೆದುಹೋಗಿವೆ ಕಣೇ. ಹಳಿ ಒಂದಕ್ಕೊಂದು ಕೂರ್ತಾನೇ ಇಲ್ಲ. ನಿನ್ನ ಹಲ್ಲಿನಂಗಡೀಲಿ ಏನಾದ್ರೂ ಕಡ್ಡಿಗಿಡ್ಡಿ ಬಿದ್ದಿದ್ರೆ ತಗೊಂಡ್ಬಾ. ಭಾನುವಾರ ಪ್ರದರ್ಶನ." ಹಲ್ಲಿನಂಗಡಿ ಎಂಬ ಮಾತಿಗೆ ಅವಳು ಈಗ ಉರಿದುಕೊಳ್ಳುವುದಿಲ್ಲ. ಆಯ್ತು ಎಂದಿದ್ದಳು. ಆಯ್ತು ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗುವಷ್ಟರಲ್ಲಿ ಏನು ಮಾಡಬೇಕೆನ್ನುವುದು ಹೊಳೆದುಬಿಟ್ಟಿತ್ತು. ಎಷ್ಟು ಸ್ಪಷ್ಟವಾಗಿ ಹೊಳೆದಿತ್ತೆಂದರೆ, ನಲ್ಲಿಯ ಕೆಳಗೆ ಕೈ ಒಡ್ಡಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತೇ ಇದ್ದಳು.

ಗಂಡ ವಿಮಾ ಕಚೇರಿಯಲ್ಲಿ ಗುಮಾಸ್ತ. ಆದರೆ ಅವನ ಹಾಗೆಯೇ ಪುಟಾಣಿ ರೈಲಿನ ಹುಚ್ಚು ಹಿಡಿದ ಐದಾರು ಗೆಳೆಯರ ನಡುವೆ ಅವನು ಗಾರ್ಡ್ ಸಾಹೇಬರು. ಕಪ್ಪು ಟೋಪಿ, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಹಸಿರು ಬಾವುಟ. ಯಾರಾದರೂ ಆಟದ ರೈಲು ಎಂದರೆ ಎರಡು ದಿನ ಮಾತು ಬಿಡುತ್ತಿದ್ದ. ಮಾದರಿ ರೈಲು ಎನ್ನಬೇಕು. ಬಾಗಿಲಿನಷ್ಟುದ್ದದ ನಾಲ್ಕು ಹಲಗೆಗಳ ಮೇಲೆ ಗುಡ್ಡ, ಸೇತುವೆ, ಒಂದು ಸ್ಟೇಷನ್ನು, ಸುತ್ತಿ ಬರುವ ಹಳಿ. ಒಯ್ಯುವಾಗ ಬಿಡಿಸಬೇಕು, ಹೋದಲ್ಲಿ ಜೋಡಿಸಬೇಕು. ಅದರ ಮೇಲೆ ಓಡುವುದರಲ್ಲೆಲ್ಲ ಅವನ ಕಣ್ಮಣಿ ಒಂದು ಉಗಿ ಇಂಜಿನ್ನು, ಅಂಗೈಗಿಂತ ಸ್ವಲ್ಪ ಉದ್ದ. ಮೈ ಮಾತ್ರ ಅವನು ತಗಡು ಮಡಚಿ ಮಾಡಿದ್ದು. ಹೊಗೆಕೊಳವೆ, ಅದರ ಹಿಂದಿನ ಗುಮ್ಮಟ, ದೀಪ, ಸೀಟಿ, ಎಳ್ಳಿನಷ್ಟು ಸಣ್ಣ ಗುಂಡುಮೊಳೆಗಳು, ಮೂವತ್ತೊಂದು ಚೂರು, ಎಲ್ಲವನ್ನೂ ಅವಳು ಲ್ಯಾಬಿನ ಊಟದ ಬಿಡುವಿನಲ್ಲಿ ಎಂಟು ತಿಂಗಳು ಕೂತು ಮಾಡಿದ್ದಳು. ಹಲ್ಲಿನ ಟೋಪಿಗೆ ಎರಕ ಹೊಯ್ಯುವ ಹಾಗೆಯೇ. ಮೇಣದಲ್ಲಿ ಕೆತ್ತುವುದು, ಗಾರೆಯಲ್ಲಿ ಹೂಳುವುದು, ಮೇಣ ಕರಗಿಸಿ ತೆಗೆದು ಆ ಖಾಲಿ ಜಾಗಕ್ಕೆ ಕಾದ ಲೋಹ ಬಿಡುವುದು. ಎರಡು ವರ್ಷದ ಹಿಂದಿನ ಪ್ರದರ್ಶನದಲ್ಲಿ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬ ಹಿರಿಯರು ಭೂತಗನ್ನಡಿ ಹಿಡಿದು ಬಗ್ಗಿ ನೋಡಿ, "ಆಹಾ! ಇದನ್ನ ಹೊಯ್ದೋರು ಯಾರ್ರೀ?" ಎಂದಿದ್ದರು. ಅವಳು ಟೀ ಫ್ಲಾಸ್ಕು ಹಿಡಿದು ಎರಡಡಿ ದೂರದಲ್ಲಿ ನಿಂತಿದ್ದಳು. ಮುಖದ ಮೇಲೆ ಒಂದು ನಗು ತಾನಾಗಿ ಏಳುತ್ತಿತ್ತು, ಏಳಲಿ ಎಂದು ಬಿಟ್ಟಿದ್ದಳು. ಗಂಡ ಹೇಳಿದ, "ಅದಾ ಸಾರ್? ಪರದೇಶದಿಂದ ತರಿಸಿದ್ದು." ಆ ನಗುವನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಿರಿಯರಿಗೆ ಟೀ ಬಗ್ಗಿಸಿ ಕೊಡುವಾಗಲೂ ಅದು ಮುಖದ ಮೇಲೇ ಇತ್ತು, ಯಾರೋ ಮರೆತು ಹೋದ ಸಾಮಾನಿನ ಹಾಗೆ. ಮನೆಗೆ ಬಂದು ಕೇಳಿದಾಗ ಅವನು ಕಾಲುಚೀಲ ಬಿಚ್ಚುತ್ತ, "ಹೆಂಡ್ತಿ ಮಾಡಿದ್ಲು ಅಂದ್ರೆ ಯಾರು ನಂಬ್ತಾರೆ? ಹೇಗೆ, ಯಾಕೆ, ಎಲ್ಲಿ ಕಲಿತ್ರು ಅಂತ ನೂರು ಪ್ರಶ್ನೆ. ಅಷ್ಟಕ್ಕೇ ಮುಖ ಊದಿಸ್ಕೋತೀಯಲ್ಲ," ಎಂದಿದ್ದ. ಅವಳು ಮುಖ ಊದಿಸಿಕೊಂಡಿರಲಿಲ್ಲ. ಬಿಸಿನೀರು ಬೇಕಾ ಎಂದು ಕೇಳಿದ್ದಳು.

ಮನೆಯ ಹಿಂದಿನ ಕೋಣೆಯಲ್ಲಿ ನಾಲ್ಕೂ ಹಲಗೆಗಳನ್ನು ಅವುಗಳ ಕಾಲ ಮೇಲೆ ನಿಲ್ಲಿಸಿಕೊಂಡು ಮೇಸ್ತ್ರಿ ಕಾಯುತ್ತಿದ್ದ. ಬಡಗಿ. ಅರವತ್ತರ ಹತ್ತಿರ, ಕಿವಿಯ ಮೇಲೆ ಸದಾ ಒಂದು ಚಪ್ಪಟೆ ಪೆನ್ಸಿಲ್ಲು. ಹಲಗೆ, ಅದರ ಕಾಲು, ಹೊತ್ತೊಯ್ಯುವ ಪೆಟ್ಟಿಗೆ ಎಲ್ಲ ಅವನ ಕೈಯದೇ. ಪ್ರದರ್ಶನ ಎಂದರೆ ಕರೆಯದಿದ್ದರೂ ಬರುತ್ತಿದ್ದ. ಸಂಜೆ ಜನ ಚದುರಿದ ಮೇಲೆ ಗುಂಡಿ ತಿರುಗಿಸಿ ರೈಲು ಓಡಿಸಲು ಅವನಿಗೆ ಐದು ನಿಮಿಷ ಸಿಗುತ್ತಿತ್ತು, ಅಷ್ಟಕ್ಕೇ ಮುಖ ಅರಳಿಸಿಕೊಂಡು ಹೋಗುತ್ತಿದ್ದ. ಗಂಡ ಎದೆಗೆ ಸಿಕ್ಕಿಸಿಕೊಳ್ಳುವ ಹೆಸರಿನ ಬಿಲ್ಲೆಗಳನ್ನು ಅಚ್ಚು ಮಾಡಿಸಲು ಹೋಗಿದ್ದ. ಅವಳು ಮೊದಲ ಹಲಗೆಯ ತುದಿಗೆ ಡ್ರಿಲ್ಲು ಹಚ್ಚಿದಾಗ ಮೇಸ್ತ್ರಿ ಎದ್ದು ಬಂದ.

"ಅಮ್ಮಾ, ತೂತು ಅಷ್ಟು ದೊಡ್ಡದು ಬೇಡ. ತುದೀಲಿ ಮರ ಸೀಳ್ಕೊಳ್ಳುತ್ತೆ. ನಂಗೆ ಹೇಳಿದ್ರೆ ಗಟ್ಟಿ ಮರದಲ್ಲಿ ಹೊಸ ಗೂಟ ಕೆತ್ತಿ ಕೂರಿಸ್ತಿದ್ದೆ."

"ಮರದ ಗೂಟ ಸವೆದಿದ್ದಕ್ಕೇ ಅಲ್ವಾ ಇಷ್ಟೆಲ್ಲ? ನಂಗೆ ಗೊತ್ತು, ಬಿಡಿ ಮೇಸ್ತ್ರಿ."

"ಹಾಗಲ್ಲಮ್ಮ..." ಎಂದು ಅವನು ಹಲಗೆಯ ತುದಿಯ ಮೇಲೆ ಅಂಗೈ ಆಡಿಸಿ, ಹೊಟ್ಟು ಊದಿದ. ಸ್ವಲ್ಪ ಹೊತ್ತಿಗೆ, ಪೆಟ್ಟಿಗೆಯ ಹಿಡಿ ಸಡಿಲವಾಗಿದೆ ಎಂದು ಹೊರಗೆ ಹೋಗಿಬಿಟ್ಟ. ಅವನು ಹೋದದ್ದು ಒಳ್ಳೆಯದಾಯಿತು ಎಂದುಕೊಂಡಳು.

ಕೆಲಸ ಅವಳಿಗೆ ಹೊಸದೇನಲ್ಲ. ಅಚ್ಚಿನಿಂದ ಒಂದೇ ಒಂದು ಹಲ್ಲನ್ನು ಹೊರತೆಗೆದು, ಕೆಲಸ ಮಾಡಿ, ಮತ್ತೆ ಅದೇ ಜಾಗಕ್ಕೆ ಕೂರಿಸಬೇಕಾದಾಗ ಹಲ್ಲಿನ ಬುಡಕ್ಕೆ ಹಿತ್ತಾಳೆಯ ಗೂಟ ನೆಡುತ್ತಾರೆ. ನೂರು ಸಲ ತೆಗೆದು ಹಾಕಿದರೂ ಹಲ್ಲು ಅಲ್ಲೇ ಬಂದು ಕೂರುತ್ತದೆ. ಇದೂ ಅಷ್ಟೆ, ಹಲ್ಲಿನ ಬದಲು ಹಲಗೆ. ಒಂದು ಹಲಗೆಯಲ್ಲಿ ಕಡ್ಡಿ, ಎದುರಿನದರಲ್ಲಿ ಕೊಳವೆ. ಕೊಳವೆಗಿಂತ ತೂತು ಎರಡು ಪಟ್ಟು ಅಗಲ, ಯಾಕೆಂದರೆ ಕೊಳವೆಯನ್ನು ಹಿಡಿಯುವುದು ಮರವಲ್ಲ, ಅದರ ಸುತ್ತ ತುಂಬುವ ಹಿಟ್ಟು. ಸೆಟ್ಟಿನ ವಸಡು ಮಾಡುವ ಪುಡಿಗೆ ದ್ರವ ಬೆರೆಸಿದಳು, ಮೂಗಿಗೆ ಚುಚ್ಚುವ ಆ ವಾಸನೆ ಕೋಣೆ ತುಂಬಿತು. ನಸುಗೆಂಪು ಹಿಟ್ಟು ಮೊದಲು ಜೇನಿನ ಹಾಗೆ ಎಳೆಯುತ್ತದೆ, ಆಮೇಲೆ ಕೈಗೆ ಅಂಟುವುದಿಲ್ಲ, ಆಮೇಲೆ ಬಿಸಿಯಾಗುತ್ತದೆ, ಹತ್ತು ನಿಮಿಷಕ್ಕೆ ಕಲ್ಲು. ಆ ಹತ್ತು ನಿಮಿಷದಲ್ಲಿ ಹಳಿಗೆ ಹಳಿ ಕೂರಿಸಿ ಹಿಡಿದರೆ ಮತ್ತೆಂದೂ ಅಲುಗುವುದಿಲ್ಲ. ಒಂದನೆಯದಕ್ಕೂ ಎರಡನೆಯದಕ್ಕೂ ಹಾಗೆ ಕೂರಿಸಿದಳು. ಎರಡನೆಯದಕ್ಕೂ ಮೂರನೆಯದಕ್ಕೂ ಕೂರಿಸಿದಳು. ಸಂದಿನ ಮೇಲೆ ಉಗುರು ಎಳೆದರೆ ಉಗುರಿಗೇ ತಿಳಿಯದು. ಮರದ ತುದಿಯಲ್ಲಿ ನಸುಗೆಂಪು ವಸಡು, ಒಳಗೆ ಹೊಳೆಯುವ ಕೊಳವೆ. ಬಾಯಿ ತೆರೆದು ನಗುವ ಹಾಗಿತ್ತು.

ಮೂರನೆಯ ಮತ್ತು ನಾಲ್ಕನೆಯ ಹಲಗೆ ಸೇರುವಲ್ಲಿ ಹಳಿ ತಿರುವು ಹಿಡಿಯುತ್ತದೆ, ಅದೂ ಹಲಗೆಯ ಅಂಚಿಗೇ. ಆಚೆಗೆ ಏನೂ ಇಲ್ಲ, ನೆಲ. ಅಲ್ಲಿಗೆ ಅವಳು ಹಿಟ್ಟು ತುಂಬಿ, ಹಲಗೆಗಳನ್ನು ಕೂಡಿಸಿ, ಹಳಿಗೆ ಹಳಿ ನೇರ ಮಾಡಿದಳು. ನೇರ ಮಾಡಿದ ಮೇಲೆ ಅಳತೆಪಟ್ಟಿಯನ್ನು ಕೆಳಗಿಟ್ಟಳು. ಹಿಟ್ಟು ಇನ್ನೂ ಮೆತ್ತಗಿತ್ತು. ಉಗಿ ಇಂಜಿನ್ನಿನ ಮುಂದಿನ ಎರಡು ಪುಟ್ಟ ಗಾಲಿಗಳ ಮೇಲೆ ಭಾರವೇ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ತಿರುವಿನಲ್ಲಿ ಅವು ಹೊರಗಿನ ಹಳಿಗೆ ಒತ್ತಿಕೊಂಡು ಓಡುತ್ತವೆ. ನಾಲ್ಕನೆಯ ಹಲಗೆ ಒಳಕ್ಕೆ ಸರಿದರೆ ಗಾಲಿಗೆ ಹಳಿಯ ತುದಿ ಅಡ್ಡ ಸಿಗುತ್ತದೆ. ಕಾಲು ಮಿಲಿಮೀಟರಿಗೆ ಏನೂ ಆಗದು. ಒಂದು ಮಿಲಿಮೀಟರು ಯಾರ ಕಣ್ಣಿಗಾದರೂ ಬೀಳುತ್ತದೆ. ಅರ್ಧ. ನಿಧಾನವಾಗಿ ಬಿಟ್ಟರೆ ಗಾಲಿ ಹೇಗೋ ದಾಟಿಕೊಳ್ಳುತ್ತದೆ. ಜನರೆದುರು ಮೆರೆಯಬೇಕೆಂದು ಜೋರಾಗಿ ಬಿಟ್ಟರೆ ಹತ್ತಿಬಿಡುತ್ತದೆ. ಹಾಗಾಗಿ ತಾನು ಬೀಳಿಸುತ್ತಿಲ್ಲ, ಅವನ ಜಂಬ ಬೀಳಿಸುತ್ತದೆ ಎಂದುಕೊಂಡಳು. ಎಂದುಕೊಂಡ ಕೂಡಲೇ ಅದು ಸುಳ್ಳೆಂದು ಗೊತ್ತಾಯಿತು, ಗೊತ್ತಾಗಿಯೂ ಕೈ ನಿಲ್ಲಲಿಲ್ಲ. ಹಲ್ಲಿನ ದಪ್ಪ ಅಳೆಯುವ ಚಿಮಟವನ್ನು ಅರ್ಧ ಮಿಲಿಮೀಟರಿಗೆ ಇಟ್ಟು, ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ, ನೋಡಿ, ಇನ್ನೊಂದು ಎಳೆ ಒತ್ತಿ, ಹಿಡಿದುಕೊಂಡು ನಿಂತಳು. ಬೆರಳ ಕೆಳಗೆ ಹಿಟ್ಟು ಬಿಸಿಯಾಗತೊಡಗಿತು. ಜ್ವರ ಬಂದ ಮಗುವಿನ ಹಣೆಯಷ್ಟು, ಆಮೇಲೆ ಅದಕ್ಕಿಂತ ಹೆಚ್ಚು. ಬೇಡವೆಂದರೆ ಈಗಲೂ ಸರಿಸಬಹುದು. ಈಗಲೂ. ಆಮೇಲೆ ಅದು ಗಟ್ಟಿಯಾಯಿತು.

ಸಂಜೆ ಗಂಡ ಬಂದು ಒಂದು ಗಿಡ್ಡ ಡೀಸೆಲ್ ಇಂಜಿನ್ನನ್ನು ಹಳಿಯ ಮೇಲಿಟ್ಟು ಆಮೆಯ ಹಾಗೆ ಒಂದು ಸುತ್ತು ಬಿಟ್ಟ. ಮೂರನೆಯ ಸಂದಿನಲ್ಲಿ ಟಕ್ ಎಂದಿತು. ಅವಳು ಅವನ ಕಡೆ ನೋಡಿದಳು. ಅವನು ಕೇಳಿಸಿಕೊಳ್ಳಲಿಲ್ಲ, ಬಿಲ್ಲೆಗಳನ್ನು ಹರಡಿ ನೋಡುತ್ತಿದ್ದ. "ಸಾಕು ಸಾಕು, ಕೂತಿದೆ," ಎಂದ. "ಇದೇನೇ ಇದು, ಹಲಗೆಗೂ ಸೆಟ್ಟು ಹಾಕ್ಬಿಟ್ಯಲ್ಲ! ಇನ್ನು ಇವೂ ನಮ್ಮನ್ನ ನೋಡಿ ಹಲ್ಲು ಕಿರೀತವೆ ನೋಡು." ತನ್ನ ಮಾತಿಗೆ ತಾನೇ ನಕ್ಕ. ಬಿಲ್ಲೆಗಳನ್ನು ಅವಳೂ ನೋಡಿದಳು. ಐವರು ಗೆಳೆಯರದು ಐದು, ಮೇಸ್ತ್ರಿಯದೊಂದು, ಅವಳದಿರಲಿಲ್ಲ. ಕೇಳಲಿಲ್ಲ. ಬಿಲ್ಲೆ ಇದ್ದಿದ್ದರೆ ಬಹುಶಃ ಆ ಸಂದನ್ನು ಒಡೆದು ಮತ್ತೆ ಕೂರಿಸುತ್ತಿದ್ದಳು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಇಲ್ಲ, ಕೂರಿಸುತ್ತಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಶಾಲೆಯ ಸಭಾಂಗಣದಲ್ಲಿ ಐವತ್ತರ ಮೇಲೆ ಜನ ಸೇರಿದ್ದರು. ಮಕ್ಕಳನ್ನು ಎತ್ತಿಕೊಂಡ ಅಪ್ಪಂದಿರು, ಮಕ್ಕಳಿಗಿಂತ ಮುಂದೆ ನುಗ್ಗುವ ತಾತಂದಿರು. ಅವಳು ಬೇಕೆಂದೇ ಮೂರನೆಯ ಹಲಗೆಯ ಪಕ್ಕ ನಿಂತಳು. ಮೈ ಹಗುರವಾಗಿತ್ತು. ಪರೀಕ್ಷೆಯ ದಿನ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಒಳಗೊಳಗೇ ಒಂದು ಕುಣಿತ. ಅವನ ಮುಖವನ್ನು ನೋಡಬೇಕು, ಅಷ್ಟೇ ಬೇಕಾಗಿದ್ದುದು. ಇಂಜಿನ್ನು ಬೀಳುವಾಗ ಬಾಯಿ ಹೇಗೆ ತೆರೆಯುತ್ತದೆ, ಏನು ಹೇಳಬೇಕೆಂದು ತಿಳಿಯದ ಮುಖ ಹೇಗಿರುತ್ತದೆ, ಅದು ತೆಗೆದಿಡಲು ಜಾಗವಿಲ್ಲದ ಹಾಗೆ ಮುಖದ ಮೇಲೇ ಎಷ್ಟು ಹೊತ್ತು ಉಳಿಯುತ್ತದೆ. ಭೂತಗನ್ನಡಿಯ ಆ ಹಿರಿಯರೇ ಈ ಸಲವೂ ಮುಖ್ಯ ಅತಿಥಿ. ಅವರು ಹಸಿರು ಬಾವುಟ ಬೀಸಿದರು, ಗಂಡ ಸೀಟಿ ಊದಿದ. ಮೊದಲ ಹಲಗೆಯ ಸ್ಟೇಷನ್ನಿನಿಂದ ಇಂಜಿನ್ನು ಏಳು ಬೋಗಿ ಎಳೆದುಕೊಂಡು ಹೊರಟಿತು. ಜನ ಓ ಎಂದರು. ಆ ಓ ಎಂಬುದು ಕಿವಿಗೆ ಬಿದ್ದದ್ದೇ ಅವನು ಗುಂಡಿಯನ್ನು ಇನ್ನೂ ತಿರುಗಿಸಿದ. ಅವಳಿಗೆ ಗೊತ್ತಿತ್ತು, ತಿರುಗಿಸುತ್ತಾನೆಂದು.

ಮುಂದಿನ ಗಾಲಿ ಹಳಿಯ ತುದಿಗೆ ತಾಗಿ ಹತ್ತಿದ್ದು ಅವಳೊಬ್ಬಳಿಗೇ ಕಂಡಿತು. ಆಮೇಲೆ ಎಲ್ಲ ಒಂದೇ ಉಸಿರಿನಲ್ಲಿ ಆಗಿಹೋಯಿತು. ಇಂಜಿನ್ನು ನೆಟ್ಟಗೆ, ತಿರುವೇ ಇಲ್ಲವೆಂಬಂತೆ, ಅಂಚು ದಾಟಿ ಗಾಳಿಗೆ ಹೋಯಿತು, ಹಿಂದೆ ಎರಡು ಬೋಗಿ ಎಳೆದುಕೊಂಡು ಸಿಮೆಂಟು ನೆಲದ ಮೇಲೆ ಬಿತ್ತು. ಇಷ್ಟು ಸಣ್ಣ ವಸ್ತು ಅಷ್ಟು ಸದ್ದು ಮಾಡಬಹುದೆಂದು ಅವಳು ಎಣಿಸಿರಲಿಲ್ಲ. ಹೊಗೆಕೊಳವೆ ಕಿತ್ತು ಅವಳ ಕಾಲಿನವರೆಗೂ ಉರುಳಿಕೊಂಡು ಬಂತು. ಹೊಟ್ಟೆ ತಣ್ಣಗಾಯಿತು. ನಿಜವಾಗಿಯೂ ತಣ್ಣಗಾಯಿತು, ಬಿಸಿಲಲ್ಲಿ ನಡೆದು ಬಂದು ಗಟಗಟ ನೀರು ಕುಡಿದ ಹಾಗೆ. ಈಗ ಅವಳು ತಲೆ ಎತ್ತಿ ಗಂಡನ ಮುಖ ನೋಡಿದಳು. ಅವಳು ಕಾಯುತ್ತಿದ್ದ ಮುಖ ಅಲ್ಲಿರಲಿಲ್ಲ. ಅವನು ಇಂಜಿನ್ನನ್ನು ನೋಡುತ್ತಿರಲಿಲ್ಲ, ಅವಳನ್ನೂ ನೋಡುತ್ತಿರಲಿಲ್ಲ. ಕಣ್ಣುಗಳು ಬೇಗಬೇಗ ಸುತ್ತ ಹುಡುಕುತ್ತಿದ್ದವು, ಕೈಗೆ ಸಿಗುವ ಒಬ್ಬನನ್ನು. ಸಿಕ್ಕಿದ.

"ಮೇಸ್ತ್ರಿ! ಬಾ ಇಲ್ಲಿ. ಏನಯ್ಯಾ ಇದು? ನೋಡ್ರಿ, ಇದಕ್ಕೇ ಹೇಳೋದು. ಬಾಗಿಲು ಕಿಟಕಿ ಮಾಡೋರ ಕೈಗೆ ಇಂಥಾ ಕೆಲಸ ಕೊಟ್ಟಿದ್ದು ನನ್ನ ಬುದ್ಧಿಗೇಡಿತನ. ನಿನ್ನ ಹಲಗೆ ಸೊಟ್ಟ, ನಿನ್ನ ಕಾಲು ಸೊಟ್ಟ. ನಾಲ್ಕು ವರ್ಷದ ಶ್ರಮ ಕಣಯ್ಯಾ ಅದು!"

ಮೇಸ್ತ್ರಿ ಜನರ ನಡುವೆ ಜಾಗ ಮಾಡಿಕೊಂಡು ಬಂದ. ಇಂಜಿನ್ನನ್ನು ಮುಟ್ಟಲಿಲ್ಲ. ಸಂದಿನ ಮೇಲೆ ಹೆಬ್ಬೆರಳಿನ ಉಗುರು ಎಳೆದ. ಉಗುರು ತಡೆಯಿತು. ಅವನು ಬಗ್ಗಿ ಕೊಳವೆಯ ಸುತ್ತಲಿನ ನಸುಗೆಂಪನ್ನು ನೋಡಿದ, ತಲೆ ಎತ್ತಿ ಅವಳನ್ನು ಒಂದು ಸಲ ನೋಡಿದ. "ಹೌದು ಸಾರ್," ಎಂದ. "ಮರ ಉಬ್ಬಿರಬೇಕು. ನಾನು ಬೆಳ್ಗೆ ನೋಡ್ಕೋಬೇಕಿತ್ತು." ಗಂಡ ಕೈ ಚಾಚಿ ಅವನ ಎದೆಯ ಮೇಲಿನ ಬಿಲ್ಲೆಯನ್ನು ಕಿತ್ತುಕೊಂಡ. ಹಿಂದಿನ ಸೂಜಿ ಅಂಗಿಗೆ ಸಿಕ್ಕಿ ಚರ್ರೆಂದು ಒಂದಿಂಚು ಹರಿಯಿತು. ಮೇಸ್ತ್ರಿ ಹರಿದ ಜಾಗದ ಮೇಲೆ ಅಂಗೈ ಇಟ್ಟುಕೊಂಡು, ನಗುವುದೋ ಬೇಡವೋ ಎಂದು ತಿಳಿಯದೆ ನಿಂತ. ಮುಖದ ಮೇಲೆ ಒಂದು ನಗು ಅರ್ಧಕ್ಕೆ ಬಂದು ಅಲ್ಲೇ ಉಳಿದಿತ್ತು. ಆ ಮುಖವನ್ನು ಅವಳು ನೋಡಲಾರದೆ ಹೋದಳು. ಅವಳಿಗೆ ಬೇಕಾಗಿದ್ದ ಮುಖ ಅದೇ, ಆದರೆ ಬೇರೆಯವನ ಮೈಮೇಲೆ ಬಂದು ಕೂತಿತ್ತು.

"ಮರ ಉಬ್ಬಿಲ್ಲ," ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಆ ಸಂದು ನಾನು ಹಾಗೆ ಕೂರಿಸಿದ್ದು. ಬೇಕಂತಲೇ."

ಎಲ್ಲರೂ ಅವಳ ಕಡೆ ತಿರುಗಿದರು. ಆಮೇಲೆ ಗಂಡ ನಕ್ಕ. ಜನರ ಕಡೆ ತಿರುಗಿ, ಮದುವೆಯಾದ ಗಂಡಸರಿಗೆಲ್ಲ ಅರ್ಥವಾಗುವಂಥ ಒಂದು ನಗು ನಕ್ಕ. "ಪಾಪ, ಮೇಸ್ತ್ರಿ ಮೇಲೆ ಮರುಕ. ಇವಳದು ಹಾಗೇನೇ, ಬೀದಿನಾಯಿಗೆ ಏಟು ಬಿದ್ರೂ ಅಳ್ತಾಳೆ. ಬೇಕಂತ ಮಾಡೋಕೆ ಇವಳಿಗೇನು ಗೊತ್ತಾಗುತ್ತೆ ಸಾರ್? ಸುಮ್ನಿರು ಕಣೇ, ಟೀ ಕೊಡು ಎಲ್ಲರಿಗೂ." ಯಾರೋ ಒಬ್ಬರು ಅವನ ಜೊತೆ ನಕ್ಕರು. ಮಾಡಿದ್ದಕ್ಕೆ ಹೆಸರು ಸಿಗಲಿಲ್ಲ, ಸರಿ. ಕೆಡಿಸಿದ್ದಕ್ಕೂ ಸಿಗುವುದಿಲ್ಲವೇ? ಚೀಲದಿಂದ ಅಳತೆಯ ಚಿಮಟ ತೆಗೆದು ಆ ಹಿರಿಯರ ಕೈಗೆ ಕೊಟ್ಟಳು. "ಅಳೀರಿ ಸಾರ್. ಅರ್ಧ ಮಿಲಿಮೀಟರು, ಒಳಗಡೆಗೆ. ಒಂದು ಎಳೆ ಹೆಚ್ಚುಕಮ್ಮಿ ಇದ್ರೆ ನಾನು ಸುಳ್ಳು ಹೇಳ್ತಿದೀನಿ ಅನ್ನಿ. ಮೊದಲಿನ ಎರಡು ಸಂದೂ ನೋಡಿ, ಅಲ್ಲಿ ಏನೂ ಸಿಗೋದಿಲ್ಲ."

ಹಿರಿಯರು ಕನ್ನಡಕ ಹಣೆಗೇರಿಸಿ, ಮೊಣಕಾಲೂರಿ ಕೂತು ಅಳೆದರು. ಎರಡು ಸಲ ಅಳೆದರು. ಮಿಕ್ಕ ಸಂದುಗಳ ಮೇಲೆ ಉಗುರಾಡಿಸಿದರು. ಎದ್ದು ನಿಂತು, ಅವಳನ್ನು ಮೊದಲ ಸಲ ನೋಡುವವರ ಹಾಗೆ ನೋಡಿ, "ಅರ್ಧವೇ," ಎಂದರು. "ಅಮ್ಮಾ, ಇದನ್ನ ನೀವು ಕೈಯಲ್ಲಿ ಹಿಡಿದೇ ಮಾಡಿದ್ರಾ?"

ಆಗ ಗಂಡನ ಮುಖ ಬದಲಾಯಿತು. ಅದರಿಂದ ಒಂದೊಂದೇ ವಸ್ತು ಯಾರೋ ತೆಗೆದುಕೊಂಡು ಹೋಗುತ್ತಿದ್ದ ಹಾಗೆ, ನಗು ಹೋಯಿತು, ಸಿಟ್ಟು ಹೋಯಿತು, ಕೊನೆಗೆ ಉಳಿದದ್ದು ಭಯ. "ನೋಡಿ ಸಾರ್, ನೋಡಿ," ಎಂದ, ದನಿ ಒಡೆದಿತ್ತು. "ಆ ಚಿಮಣಿ, ಗುಮ್ಮಟ, ದೀಪ, ಎಲ್ಲ ಇವಳೇ ಎರಕ ಹೊಯ್ದಿದ್ದು. ಎಂಟು ತಿಂಗಳು ಕೂತು ಮಾಡಿದ್ಲು. ತಾನೇ ಮಾಡಿದ್ದನ್ನ ತಾನೇ ಬೀಳಿಸಿದಾಳೆ ಅಂದ್ರೆ, ಇವಳಿಗೆ ತಲೆ ನೆಟ್ಟಗಿದೆಯಾ ನೀವೇ ಹೇಳಿ!" ಐವತ್ತು ಜನರ ಎದುರು ಅವನು ಅದನ್ನು ಹೇಳಿದ. ಎರಡು ವರ್ಷ ಈ ಒಂದು ಮಾತನ್ನು ಅವನ ಬಾಯಿಂದ ಕೇಳಬೇಕೆಂದು ಮನಸ್ಸಿನಲ್ಲೇ ಎಷ್ಟು ಬಗೆಯಲ್ಲಿ ಹೇಳಿಸಿದ್ದಳು. ಈಗ ಅದು ದೂರಿನ ಹಾಗೆ ಬಂತು. ಬಂದದ್ದನ್ನು ಅವಳು ಕೇಳಿಸಿಕೊಂಡಳು. ಬಾಯಲ್ಲಿ ಯಾವ ರುಚಿಯೂ ಹುಟ್ಟಲಿಲ್ಲ. ಹಿರಿಯರು ಮುಜುಗರದಿಂದ ಚಿಮಟವನ್ನು ಮಡಚಿ ಅವಳಿಗೆ ವಾಪಸು ಕೊಟ್ಟರು. ಒಬ್ಬ ತಾಯಿ ಮಗುವನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು.

ಜನ ಚದುರದೆ ನಿಂತಿದ್ದರು. ಮಕ್ಕಳು ರೈಲು ಎಲ್ಲಿ ಎಂದು ಕೇಳುತ್ತಿದ್ದವು. ಸುಮ್ಮನೆ ನಿಂತವರ ನಡುವೆ ಮೇಸ್ತ್ರಿ ಒಬ್ಬನೇ ಓಡಾಡತೊಡಗಿದ. ಸಭಾಂಗಣದ ಮೂಲೆಯಲ್ಲಿ ರಾಶಿ ಹಾಕಿದ್ದ ಮುರಿದ ಕುರ್ಚಿಗಳಿಂದ ಒಂದು ಕಾಲು ಆರಿಸಿ ತಂದ, ಬೆರಳಿನಿಂದ ತಟ್ಟಿ ನೋಡಿದ, ನೆಲದ ಮೇಲೆ ಕೂತು ಕೆತ್ತತೊಡಗಿದ. ಅವಳು ಹತ್ತಿರ ಹೋಗಿ, "ಮೇಸ್ತ್ರಿ, ಪುಡಿ, ದ್ರವ ಎಲ್ಲ ಚೀಲದಲ್ಲೇ ಇದೆ. ಹತ್ತು ನಿಮಿಷದಲ್ಲಿ ನಾನೇ ಸರಿಯಾಗಿ ಕೂರಿಸ್ಕೊಡ್ತೀನಿ," ಎಂದಳು. ಅವನು ತಲೆ ಎತ್ತಲಿಲ್ಲ. "ಬೇಡಮ್ಮ." "ಹಿಡ್ಕೊಳ್ಳಲಾ?" "ಬೇಡ." ಉಳಿಯ ಹಿಡಿಯಿಂದ ಕುಟ್ಟಿ ಅವಳ ಕೊಳವೆಗಳನ್ನು ಹೊರಗೆ ತೆಗೆದ. ನಸುಗೆಂಪು ಹಿಟ್ಟು ಮರದ ಒಂದು ಸೀಳನ್ನು ಕಿತ್ತುಕೊಂಡೇ ಬಂತು. ಅವನು ಹೇಳಿದ್ದ ಜಾಗದಲ್ಲೇ. ಆ ಅಗಲವಾದ ತೂತುಗಳಿಗೆ ಕುರ್ಚಿಯ ಕಾಲಿನ ತುಂಡು ಬಡಿದು ಮುಚ್ಚಿ, ಅದರ ನಡುವೆ ಹೊಸ ತೂತು ಕೊರೆದು, ಹೊಸ ಗೂಟ ಕೂರಿಸಿದ. ಅಳತೆಪಟ್ಟಿ ಮುಟ್ಟಲಿಲ್ಲ, ಹೆಬ್ಬೆರಳು ಆಡಿಸುವುದು, ಒಂದು ಪದರ ಕೆತ್ತುವುದು, ಮತ್ತೆ ಹೆಬ್ಬೆರಳು. ಮುಕ್ಕಾಲು ಗಂಟೆ ಹಿಡಿಯಿತು. ಮುಗಿದಾಗ ಯಾರನ್ನೂ ಕೇಳದೆ ಸರಕು ಗಾಡಿಯೊಂದನ್ನು ಹಳಿಗೆ ಹಚ್ಚಿ ತಾನೇ ಗುಂಡಿ ತಿರುಗಿಸಿದ. ಗಾಡಿ ಸಂದು ದಾಟಿತು. ಜನ ಚಪ್ಪಾಳೆ ತಟ್ಟಿದರು. ಗಂಡ ಅವನ ಬೆನ್ನು ತಟ್ಟಲು ಕೈ ಎತ್ತಿದ. ಮೇಸ್ತ್ರಿ ಬೋಲ್ಟು ಬಿಗಿಯುವ ನೆಪದಲ್ಲಿ ಪಕ್ಕಕ್ಕೆ ಸರಿದ.

ಮಧ್ಯಾಹ್ನ ಬಾಗಿಲ ಹತ್ತಿರದ ಬೆಂಚಿನ ಮೇಲೆ ಅವಳು ಒಬ್ಬಳೇ ಕೂತಿದ್ದಾಗ ಗಂಡ ಬಂದ. ಟೋಪಿ ತೆಗೆದಿದ್ದ. ಕರವಸ್ತ್ರದಲ್ಲಿ ಇಂಜಿನ್ನಿನ ಚೂರುಗಳನ್ನು ಆಯ್ದುಕೊಂಡು ತಂದಿದ್ದ. ಅವಳಿಂದ ಒಂದು ಕೈಯಳತೆ ದೂರ ಬಿಟ್ಟು ಕೂತು, "ಇದನ್ನ ಮತ್ತೆ ಹೊಯ್ಯೋಕಾಗುತ್ತಾ?" ಎಂದು ಕೇಳಿದ. ಮದುವೆಯಾದಂದಿನಿಂದ ಅವನು ಅವಳಲ್ಲಿ ಏನನ್ನೂ ಆ ದನಿಯಲ್ಲಿ ಕೇಳಿರಲಿಲ್ಲ.

"ಆಗುತ್ತೆ."

"ಮಾಡಿಕೊಡ್ತೀಯಾ?"

"ಇಲ್ಲ."

ಅವನು ಕರವಸ್ತ್ರ ಗಂಟು ಹಾಕಿಕೊಂಡು ಎದ್ದು ಹೋದ. ಅವನ ಬೆನ್ನು ನೋಡುವಾಗ ಅವಳಿಗೆ ಖುಷಿಯಾಯಿತು. ಇದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ. ಈ ಖುಷಿ ಇನ್ನೂ ಎಷ್ಟೋ ದಿನ ಇಟ್ಟುಕೊಂಡು ತಿನ್ನುವಷ್ಟಿದೆ ಎಂದೂ ಅನ್ನಿಸಿತು.

ಆಮೇಲೆ ಮೇಸ್ತ್ರಿ ಬಂದ. ಚಿಂದಿಬಟ್ಟೆಯಲ್ಲಿ ಸುತ್ತಿದ ಉಕ್ಕಿನ ಕಡ್ಡಿ, ಕೊಳವೆಗಳನ್ನು ಬೆಂಚಿನ ಮೇಲಿಟ್ಟ. "ನಿಮ್ಮ ಸಾಮಾನು ಅಮ್ಮ."

"ಮೇಸ್ತ್ರಿ, ತಪ್ಪಾಯ್ತು. ನಿಮ್ಮ ಮೇಲೆ ಬರುತ್ತೆ ಅಂತ ನಾನು ಎಣಿಸಿರ್ಲಿಲ್ಲ."

"ಅದು ಬಿಡಿ. ಸಾರ್ ಬೈಯೋದು ಇದೇ ಮೊದಲಾ?" ಅವನು ಹರಿದ ಅಂಗಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. "ಉಗುರಿಗೆ ಸಿಕ್ಕಾಗ, ಪಾಪ ಅಮ್ಮನ ಕೈ ತಪ್ಪಿದೆ ಅಂದ್ಕೊಂಡೆ. ಎಲ್ಲರೆದುರು ನಿಮಗ್ಯಾಕೆ ಅಂತ ಮರದ ಮೇಲೆ ಹಾಕ್ದೆ." ದಾರ ಕಿತ್ತು ಹಾಕಿ ಹೇಳಿದ, "ಆ ತುದಿಗಳನ್ನ ಉಜ್ಜಿ ಸಮ ಮಾಡೋಕೆ ನಂಗೆ ಹನ್ನೊಂದು ದಿನ ಹಿಡಿದಿತ್ತಮ್ಮ. ನಿಮಗೆ ಅವರ ಮೇಲೆ ಸಿಟ್ಟು ಇತ್ತು ಸರಿ. ನನ್ನ ಹಲಗೇಲಿ ಯಾಕೆ ಮಾಡಿದ್ರಿ?"

ಅದು ಮೇಸ್ತ್ರಿಯ ಹಲಗೆ ಎಂದು ಗುರುವಾರದಿಂದ ಈ ಗಳಿಗೆಯವರೆಗೂ ಒಮ್ಮೆಯೂ ಅವಳ ತಲೆಗೆ ಬಂದಿರಲಿಲ್ಲ. ಅದು ಹಲಗೆ, ಅಷ್ಟೆ. ಡ್ರಿಲ್ಲು ಹಚ್ಚಲು ಒಂದು ಮರ. "ನಂಗೆ ಹೊಳೀಲೇ ಇಲ್ಲ ಮೇಸ್ತ್ರಿ," ಎಂದಳು. ಹೇಳಬಹುದಾದದ್ದು ಅದೊಂದೇ ಇತ್ತು.

"ಕೆಲಸ ಅಚ್ಚುಕಟ್ಟಾಗಿತ್ತು," ಎಂದ ಅವನು. "ಕೈ ತಪ್ಪಿ ಆಗಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ."

ಅವನು ಹಲಗೆಗಳ ಕಡೆ ನಡೆದ. ಗುಂಡಿಯ ಹತ್ತಿರ ನಿಂತಿದ್ದ ಗಂಡ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟ. ಮೇಸ್ತ್ರಿ ಸರಕು ಗಾಡಿಯನ್ನು ಓಡಿಸತೊಡಗಿದ, ಅವಸರವಿಲ್ಲದೆ, ಸುತ್ತಿನ ಮೇಲೆ ಸುತ್ತು. ಸಾಯಂಕಾಲ ಸಭಾಂಗಣ ಮುಚ್ಚುವವರೆಗೂ ಯಾರೂ ಅವನಿಗೆ ಸಾಕು ಎನ್ನಲಿಲ್ಲ. ಬೆಂಚಿನಿಂದ ಅವಳಿಗೆ ಹಳಿ ಕಾಣುತ್ತಿರಲಿಲ್ಲ, ನೋಡುವವರ ಬೆನ್ನುಗಳು ಅಡ್ಡವಿದ್ದವು. ಗಾಲಿಗಳ ಸದ್ದು ಮಾತ್ರ ಕೇಳುತ್ತಿತ್ತು. ಗಾಡಿ ಎಲ್ಲಿದೆಯೆಂದು ಸದ್ದಿನಿಂದಲೇ ಗೊತ್ತಾಗುತ್ತಿತ್ತು: ಸ್ಟೇಷನ್ನು, ಸೇತುವೆ, ಗುಡ್ಡದ ಮಗ್ಗುಲು, ತಿರುವು. ತಿರುವು ಬಂದಾಗಲೆಲ್ಲ ಅವಳು ಉಸಿರು ಹಿಡಿದು ಆ ಮೂರನೆಯ ಸಂದಿನಲ್ಲಿ ಒಂದು ಟಕ್ ಎಂಬುದಕ್ಕೆ ಕಿವಿಗೊಟ್ಟು ಕಾಯುತ್ತಿದ್ದಳು. ಒಂದು ಸಲವಾದರೂ ಅದು ಬರಲಿ ಎಂದು ಕಾಯುತ್ತಿದ್ದಳೋ, ಬಾರದಿರಲಿ ಎಂದೋ, ಅವಳಿಗೇ ತಿಳಿಯಲಿಲ್ಲ. ಗಾಡಿ ದಾಟಿ ಹೋಗುತ್ತಲೇ ಇತ್ತು.